ಹತ್ತೊಂಬತ್ತನೆಯ ಚಿತ್ರ

ಮೂರನೆಯ ಸಲವೂ ಸೊನ್ನೆಯೇ ಬಂತು.

ಅಬ್ದುಲ್ ಸಲಾಂ ಮಾಸ್ಟ್ರು ಪೆನ್ಸಿಲು ಕೆಳಗಿಟ್ಟು, ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸಿದರು. ಗಾಜಿನಲ್ಲಿ ಕೊಳೆಯೇನೂ ಇರಲಿಲ್ಲ. ಮಧ್ಯಾಹ್ನದ ಲುಹರ್ ನಮಾಝು ಮುಗಿಸಿ ಜಗಲಿಯಲ್ಲಿ ಕೂತಾಗ ಮೆಟ್ಟಿಲಲ್ಲಿದ್ದ ಬಿಸಿಲು ಈಗ ಅವರ ಕಾಲಬೆರಳು ಮುಟ್ಟಿತ್ತು. ಮಡಿಲಲ್ಲಿ ರಟ್ಟು, ರಟ್ಟಿನ ಮೇಲೆ ಹಾಳೆ, ಹಾಳೆಯಲ್ಲಿ ಹದಿಮೂರು ಚುಕ್ಕಿಗಳ ಒಂದು ಚಿತ್ರ. ಎರಡು ಕಡೆ ಎರಡು ತ್ರಿಕೋನ, ನಡುವೆ ಕೊಂಬೆ ಒಡೆದ ಹಾಗೆ ಕೆಲವು ಗೆರೆಗಳು. ಪಕ್ಕದಲ್ಲಿ ಅಂಚೆಯಲ್ಲಿ ಬಂದ ಅಚ್ಚಿನ ಪ್ರೂಫು. ಪ್ರೂಫಿನ ನಾಲ್ಕನೆಯ ಪುಟದಲ್ಲಿ ಒಂದು ಪಟ್ಟಿ. ಪಟ್ಟಿಯ ಹತ್ತೊಂಬತ್ತನೆಯ ಚಿತ್ರದ ಎದುರು, ಕೊನೆಯ ಕಾಲಮಿನಲ್ಲಿ, ಸೊನ್ನೆ ಇರಬೇಕಾದಲ್ಲಿ ನಾಲ್ಕು ಎಂದು ಅಚ್ಚಾಗಿತ್ತು.

ಆ ನಾಲ್ಕನ್ನು ಬರೆದವರು ಅವರೇ.

ಜಗಲಿಯ ಇನ್ನೊಂದು ತುದಿಯಲ್ಲಿ ಐಸಮ್ಮ ಗೋಣಿಚೀಲದ ಮೇಲೆ ಹುಣಸೆ ಹರಡಿಕೊಂಡು ಬೀಜ ಬಿಡಿಸುತ್ತಿದ್ದಳು.

"ಮುಗಿಯಿತಾ?" ಎಂದು ತಲೆ ಎತ್ತದೆ ಕೇಳಿದಳು.

"ಇಲ್ಲ."

"ನಿನ್ನೆಯೂ ಇಲ್ಲ ಅಂದಿರಿ, ಮೊನ್ನೆಯೂ ಇಲ್ಲ ಅಂದಿರಿ. ಅವಳನ್ನು ಹೆರುವಾಗ ನನಗೆ ಇಷ್ಟು ಹೊತ್ತು ಹಿಡಿಯಲಿಲ್ಲ."

ಮಾಸ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು.

"ಅಝೀಮ್ ಫೋನಿನಲ್ಲಿ ಮತ್ತೆ ಕೇಳಿದ, ತಂಗಿಯ ಪುಸ್ತಕ ಬಂತಾ ಅಂತ. ಸೌದಿಯ ದಮ್ಮಾಮಿನಲ್ಲಿ ಅವನ ರೂಮಿನವರಿಗೆಲ್ಲ ಹೇಳಿಟ್ಟಿದ್ದಾನಂತೆ. ನೀವು ಸಹಿ ಹಾಕಿ ಕಳಿಸಿಬಿಡಿ. ನೋಡಿದ್ದನ್ನೇ ಎಷ್ಟು ಸಲ ನೋಡುವುದು?"

ಮಗಳು ಫರ್ಹಾನ ಹೋಗಿ ಏಳು ತಿಂಗಳಾಗಿತ್ತು. ಮೂಡುಬಿದಿರೆಯ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತ, ಅಲ್ಲಿಯ ದೇವಿಪ್ರಸಾದ್ ಅವರ ಕೈಕೆಳಗೆ ಪಿಎಚ್.ಡಿ.ಗೆ ಓದುತ್ತಿದ್ದಳು. ಆಗಸ್ಟಿನಲ್ಲಿ ಜ್ವರವೆಂದು ಮಲಗಿದವಳು ಒಂಬತ್ತನೆಯ ದಿನ ಹೊರಟೇ ಹೋದಳು. ಇಪ್ಪತ್ತೇಳು ವರ್ಷ. ಅಲ್ಲಾಹನು ಕೊಟ್ಟದ್ದು, ಅಲ್ಲಾಹನು ತೆಗೆದುಕೊಂಡದ್ದು ಎಂದು ಮಾಸ್ಟ್ರು ಬಂದವರಿಗೆಲ್ಲ ತಾವೇ ಸಮಾಧಾನ ಹೇಳಿದ್ದರು. ಹೇಳಿದ್ದು ಸುಳ್ಳಲ್ಲ. ಆದರೆ ನಂಬಿಕೆ ಬೇರೆ, ಬೆಳಿಗ್ಗೆ ಏಳು ಗಂಟೆಗೆ ಅವಳು ಮೂಡುಬಿದಿರೆಗೆ ಹೋಗುತ್ತಿದ್ದ ಸಿದ್ದಕಟ್ಟೆಯ ಬಸ್ಸು ಹಾರ್ನ್ ಹಾಕಿದಾಗ ಎದೆ ಹಾರುವುದು ಬೇರೆ. ಪ್ರತಿ ಗುರುವಾರ ಮುಸ್ಸಂಜೆಯ ಮಗ್ರಿಬ್ ನಮಾಝು ಆದ ಮೇಲೆ ಅವಳಿಗಾಗಿ ಖುರ್‌ಆನಿನ ಯಾಸೀನ್ ಅಧ್ಯಾಯ ಓದುತ್ತಿದ್ದರು. ಶುಕ್ರವಾರ ಜುಮಾ ನಮಾಝು ಮುಗಿಸಿ ಪಳ್ಳಿಯ ಹಿಂದೆ ಅವಳನ್ನು ಮಣ್ಣು ಮಾಡಿದ ಖಬರಿನ ಹತ್ತಿರ ನಿಂತು ಸಲಾಂ ಹೇಳಿ ಬರುತ್ತಿದ್ದರು. ಉಳಿದ ದಿನಗಳಿಗೆ ಕೆಲಸವಿರಲಿಲ್ಲ.

ಆಗ ಈ ಪ್ರೂಫು ಬಂತು. ಅವಳು ಬದುಕಿದ್ದಾಗ ಒಂದು ಸಮ್ಮೇಳನಕ್ಕೆ ಕಳಿಸಿದ ಪ್ರಬಂಧವದು. ಸಮ್ಮೇಳನದವರು ಈಗ ಪುಸ್ತಕ ಮಾಡುತ್ತಿದ್ದರು. ದೇವಿಪ್ರಸಾದರು ಜೊತೆಗೊಂದು ಚೀಟಿ ಇಟ್ಟಿದ್ದರು: "ಮಾಸ್ಟ್ರೇ, ಪಟ್ಟಿಯ ಲೆಕ್ಕವೆಲ್ಲ ನಿಮ್ಮದೇ. ಅಚ್ಚಿನ ತಪ್ಪಿದ್ದರೆ ನಿಮಗಲ್ಲದೆ ಬೇರೆ ಯಾರಿಗೂ ಗೊತ್ತಾಗದು. ದಯವಿಟ್ಟು ನೋಡಿ ಕೊಡಿ." ಮೊದಲ ಪುಟದ ತಲೆಯಲ್ಲಿ ಇಂಗ್ಲಿಷಿನಲ್ಲಿ ಅವಳ ಹೆಸರು, ಅದರ ಕೆಳಗೆ ದೇವಿಪ್ರಸಾದರದ್ದು. ಫರ್ಹಾನ ಎಂಬ ಹೆಸರು ಅಚ್ಚಾದದ್ದು ಅದೇ ಮೊದಲು. ಎಸ್.ಎಸ್.ಎಲ್.ಸಿ.ಯಲ್ಲಿ ತಾಲೂಕಿಗೆ ಎರಡನೆಯವಳಾಗಿ ಬಂದಾಗಲೂ ಪೇಪರಿನವರು ಒಂದನೆಯವನ ಹೆಸರು ಮಾತ್ರ ಹಾಕಿದ್ದರು.

ವಾಮದಪದವಿನ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಲೆಕ್ಕ ಕಲಿಸಿ ನಿವೃತ್ತರಾದ ಹೊಸತರಲ್ಲಿ ಮಾಸ್ಟ್ರು ಮನೆಯೊಳಗೆ ಸುಮ್ಮನೆ ತಿರುಗುತ್ತಿದ್ದರು. ಅಡಿಗೆಮನೆಯ ಡಬ್ಬಿಗಳನ್ನು ಎತ್ತರಕ್ಕೆ ತಕ್ಕ ಹಾಗೆ ಜೋಡಿಸಲು ಹೋಗಿ ಐಸಮ್ಮನಿಂದ ಬೈಸಿಕೊಂಡಿದ್ದರು. ಆಗ ಒಂದು ಭಾನುವಾರ ಫರ್ಹಾನ ಅವರ ಮುಂದೆ ಕಾಗದ ಹರಡಿ ಕೂತಳು.

"ಬಾಪ, ಈ ಚುಕ್ಕಿಗಳೆಲ್ಲ ಮನೆ ಅಂತ ತಿಳಿಯಿರಿ. ಎರಡು ಮನೆಯವರಿಗೆ ಮಾತಿದ್ದರೆ ಕೂಡು ಗೆರೆ. ಮಾತು ಬಿಟ್ಟಿದ್ದರೆ ಕಳೆ ಗೆರೆ. ಇದಕ್ಕೆ ಸೈನ್ಡ್ ಗ್ರಾಫ್ ಅಂತ ಹೆಸರು."

"ಮಾತೇ ಇಲ್ಲದ ಮೇಲೆ ಗೆರೆ ಯಾಕೆ?" ಎಂದು ಐಸಮ್ಮ ಒಳಗಿನಿಂದ ಕೇಳಿದ್ದಳು.

"ಪರಿಚಯವೇ ಇಲ್ಲದಿದ್ದರೆ ಗೆರೆ ಇಲ್ಲ ಉಮ್ಮ. ಜಗಳಕ್ಕೂ ಪರಿಚಯ ಬೇಕಲ್ಲ. ಇನ್ನೂ ಕೇಳಿ. ಒಂದು ಮನೆಯವರು ಒಂದೇ ದಿನ ಎಲ್ಲರೊಟ್ಟಿಗೆ ಉಲ್ಟಾ ಆದರು ಅಂತ ಇಟ್ಟುಕೊಳ್ಳುವ. ಮಾತಿದ್ದವರೊಟ್ಟಿಗೆ ಮಾತು ಬಿಟ್ಟರು, ಬಿಟ್ಟವರೊಟ್ಟಿಗೆ ಶುರು ಮಾಡಿದರು."

"ಅದು ನಿನ್ನ ಬಾಪನ ಅಕ್ಕ ಅವ್ವಮ್ಮನ ಮನೆ. ಪ್ರತಿ ಪೆರ್ನಾಳ್ ಹಬ್ಬಕ್ಕೂ ಹಾಗೆಯೇ."

ಫರ್ಹಾನ ನಕ್ಕು ನಕ್ಕು ಕೆಮ್ಮಿದ್ದಳು. ಹಾಗೆ ಉಲ್ಟಾ ಮಾಡಿದರೂ ಚಿತ್ರದ ಒಳಗಿನ ಸ್ವಭಾವ ಬದಲಾಗುವುದಿಲ್ಲ ಎಂದಳು. ಪ್ರತಿ ಚಿತ್ರದಿಂದಲೂ ಒಂದು ಸಮೀಕರಣ ಹುಟ್ಟುತ್ತದೆ. ಅದರ ಉತ್ತರಗಳಿಗೆ ಐಗನ್ ಮೌಲ್ಯಗಳು ಎನ್ನುತ್ತಾರೆ. ಎಲ್ಲ ಸೇರಿದರೆ ಚಿತ್ರದ ಸ್ಪೆಕ್ಟ್ರಮ್. "ಹಾರ್ನ್ ಕೇಳಿಯೇ ಯಾವ ಬಸ್ಸು ಅಂತ ನೀವು ಹೇಳುವುದಿಲ್ಲವಾ ಬಾಪ? ಹಾಗೆ ಸ್ಪೆಕ್ಟ್ರಮ್ ನೋಡಿ ಚಿತ್ರ ಯಾವುದು ಅಂತ ಹೇಳಬಹುದಾ? ನನ್ನ ಪ್ರಶ್ನೆ ಅಷ್ಟೇ."

ಎರಡು ತ್ರಿಕೋನಗಳಿರುವ ಒಂದು ಜಾತಿಯ ಚಿತ್ರಗಳನ್ನು ಅವಳು ಹಿಡಿದುಕೊಂಡಿದ್ದಳು. ಒಮ್ಮೆ ಎಡದ ತ್ರಿಕೋನದಲ್ಲಿ ಒಂದು ಗೆರೆಯನ್ನು ಕಳೆ ಮಾಡಬೇಕು, ಇನ್ನೊಮ್ಮೆ ಬಲದ್ದರಲ್ಲಿ. ಎರಡು ಸಲವೂ ಸ್ಪೆಕ್ಟ್ರಮ್ ಒಂದೇ ಬಂದರೆ, ಆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಒಂದೇ ಆಗಿರಲೇಬೇಕು. ಇದು ಅವಳ ಪ್ರಮೇಯ. ಎಡಬಲ ಒಂದೇ ಅಲ್ಲದ ಇಪ್ಪತ್ತೆಂಟು ಚಿತ್ರಗಳನ್ನು ಬರೆದುಕೊಟ್ಟು, ಎರಡೂ ಸಮೀಕರಣಗಳ ವ್ಯತ್ಯಾಸ ಹುಡುಕಿಕೊಡಿ ಎಂದಳು. "ಸೊನ್ನೆ ಬಂದರೆ ಎರಡೂ ಒಂದೇ ಅಂತ. ಅದು ಯಾವುದಕ್ಕೂ ಬರಲಿಕ್ಕಿಲ್ಲ."

ಮಾಸ್ಟ್ರು ಅಂದಿನಿಂದ ಮನುಷ್ಯರಾದರು. ಹಿಟ್ಟಿನ ಡಬ್ಬಿಗಳು ತಮ್ಮ ಪಾಡಿಗೆ ಉಳಿದವು. ಒಂದನ್ನೊಂದು ಮುಟ್ಟದ ಗೆರೆಗಳ ಜೋಡಿಗಳನ್ನು ಎಣಿಸುವುದು, ತ್ರಿಕೋನ ಸಿಕ್ಕಿದಾಗ ಅದರ ಚಿಹ್ನೆ ಹಾಕುವುದು, ಕೂಡಿಸುವುದು. ಕಲಿತರೆ ಕಷ್ಟವಿಲ್ಲ, ತಾಳ್ಮೆ ಬೇಕು. ಭಾನುವಾರಕ್ಕೆ ಎರಡು ಚಿತ್ರ.

ಹತ್ತೊಂಬತ್ತನೆಯದನ್ನು ಮಾಡಿದ್ದು ಎರಡು ವರ್ಷದ ಹಿಂದಿನ ರಂಝಾನಿನಲ್ಲಿ, ಉಪವಾಸದ ಒಂದು ಮಧ್ಯಾಹ್ನ. ಸೊನ್ನೆ ಬಂತು. ಅವರಿಗೆ ನಾಚಿಕೆಯಾಯಿತು. ಮಗಳು ಸೊನ್ನೆ ಬರುವುದಿಲ್ಲ ಎಂದಿದ್ದಾಳೆ. ಅಂದ ಮೇಲೆ ತಪ್ಪಿದ್ದು ತಾವೇ. ತಪ್ಪು ಹುಡುಕಲು ಕೂತರು. ಹುಡುಕಿದವನಿಗೆ ಸಿಕ್ಕುತ್ತದೆ. ಬಿಟ್ಟುಹೋದ ಒಂದು ಜೋಡಿ ಸಿಕ್ಕಿತು. ಅದನ್ನು ಸೇರಿಸಿದಾಗ ಸೊನ್ನೆ ಹೋಗಿ ನಾಲ್ಕು ಬಂತು. ಆ ಜೋಡಿಯ ಎರಡು ಗೆರೆಗಳು ಒಂದೇ ಚುಕ್ಕಿಯನ್ನು ಮುಟ್ಟುತ್ತಿದ್ದುವು, ಅದನ್ನು ಎಣಿಸುವ ಹಾಗಿರಲಿಲ್ಲ. ಅದು ಕಣ್ಣಿಗೆ ಬಿದ್ದಿತ್ತೋ ಇಲ್ಲವೋ? ಈ ಮೂರು ದಿನಗಳಿಂದ ಅವರು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಬಿದ್ದಿತ್ತು. ಬಿದ್ದರೂ ಬೀಳದ ಹಾಗೆ ಪುಟ ಮಗುಚಿದ್ದರು. ಸಂಜೆ ಫರ್ಹಾನ ಬಂದು ಹಾಳೆ ನೋಡಿ, "ಮಾಶಾ ಅಲ್ಲಾಹ್, ಬಾಪ ಇದ್ದರೆ ಕಂಪ್ಯೂಟರ್ ಯಾಕೆ" ಎಂದಿದ್ದಳು.

ಮೂರನೆಯ ಸಲ ಸೊನ್ನೆ ಬಂದ ಮರುದಿನ ಬೆಳಿಗ್ಗೆ ಅವರು ಅದೇ ಏಳು ಗಂಟೆಯ ಬಸ್ಸು ಹತ್ತಿದರು. ಪ್ರೂಫು ಪ್ಲಾಸ್ಟಿಕ್ ಚೀಲದಲ್ಲಿತ್ತು. ಐಸಮ್ಮ ಗೇಟಿನವರೆಗೆ ಬಂದು, "ಪುಸ್ತಕ ಯಾವಾಗ ಬರುತ್ತದೆ ಅಂತ ಸರಿಯಾಗಿ ಕೇಳಿ ಬನ್ನಿ" ಎಂದಳು. ಕಂಡಕ್ಟರ್ ಚನಿಯಪ್ಪ ಅವರ ಹಳೆಯ ವಿದ್ಯಾರ್ಥಿ. ಮುಂದಿನ ಸೀಟಿನಿಂದ ಒಬ್ಬನನ್ನು ಎಬ್ಬಿಸಿ ಅವರಿಗೆ ಜಾಗ ಮಾಡಿಕೊಟ್ಟ.

"ಮಾಸ್ಟ್ರು ಎಷ್ಟು ಬಚ್ಚಿ ಸೊರಗಿಹೋಗಿದ್ದೀರಿ," ಎಂದ. ಆಮೇಲೆ ಪಕ್ಕದವನಿಗೆ, "ಗೊತ್ತುಂಟಾ, ಇವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಯಾಕೆ ಕೇಳು. ಉತ್ತರ ಪುಸ್ತಕದ ಹಿಂದೆ ಉಂಟು, ಅದಕ್ಕೆ ತಾಳೆ ಆಗದಿದ್ದರೆ ತಪ್ಪು ನಿನ್ನದೇ ಅಂತ ಹೇಳಿದರು. ಪುಸ್ತಕದ್ದೇ ತಪ್ಪಾದರೆ ಅಂತ ನಾನು ಕೇಳಿದೆ. ಅಷ್ಟೇ ಮಾರಾಯ."

"ಆಮೇಲೆ?"

"ಆಮೇಲೆ ಏನು, ಇಡೀ ಪಿರಿಯಡ್ ಬೆಂಚಿನ ಮೇಲೆ. ಅಲ್ಲಿ ನಿಂತು ಅಭ್ಯಾಸ ಆದದ್ದಕ್ಕೆ ಈಗ ದಿನವಿಡೀ ಬಸ್ಸಿನಲ್ಲಿ ನಿಲ್ತೇನೆ."

ಸುತ್ತಲಿನವರು ನಕ್ಕರು. ಮಾಸ್ಟ್ರೂ ನಗಲು ನೋಡಿದರು.

ಮೂಡುಬಿದಿರೆಯಲ್ಲಿ ಇಳಿದು ಕಾಲೇಜಿನ ಏರು ಹತ್ತುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಪರೀಕ್ಷೆಯ ಸಮಯ. ದೇವಿಪ್ರಸಾದರ ಕೋಣೆಯಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳು ಕುರ್ಚಿಯ ಮೇಲೂ ಇದ್ದುವು. ಅವರು ಒಂದು ಕುರ್ಚಿ ಖಾಲಿ ಮಾಡಿ, ಪ್ಯೂನನ್ನು ಕಳಿಸಿ ಚಾ ತರಿಸಿದರು. ಐವತ್ತು ತುಂಬದ ಮನುಷ್ಯ, ಕಣ್ಣಿನ ಕೆಳಗೆ ಕಪ್ಪು.

ಮಾಸ್ಟ್ರು ಪೀಠಿಕೆ ಹಾಕಲಿಲ್ಲ. ಹಾಳೆ ಮುಂದಿಟ್ಟು, "ಸರ್, ಹತ್ತೊಂಬತ್ತನೆಯದು ಸೊನ್ನೆ" ಎಂದರು.

ದೇವಿಪ್ರಸಾದರು ನೋಡಿದರು. ಪೆನ್ನು ತೆಗೆದು ಉತ್ತರಪತ್ರಿಕೆಯ ಕಟ್ಟಿನ ರಟ್ಟಿನ ಮೇಲೆಯೇ ತಾವೂ ಎಣಿಸಿದರು. ಒಂದು ತ್ರಿಕೋನ ಅಳಿಸಿ ಉಳಿದದ್ದನ್ನು ಎಣಿಸಿದರು, ಇನ್ನೊಂದನ್ನು ಅಳಿಸಿ ಎಣಿಸಿದರು. ಚಾ ಬಂದು ಕೆನೆ ಕಟ್ಟಿತು.

"ಹೌದು," ಎಂದರು ಕೊನೆಗೆ. "ಎರಡೂ ಕಡೆ ಒಂದೇ. ಚಿತ್ರ ಎಡಬಲ ಒಂದೇ ಅಲ್ಲ, ಸ್ಪೆಕ್ಟ್ರಮ್ ಮಾತ್ರ ಒಂದೇ. ಪ್ರಮೇಯವೇ ಬಿತ್ತು ಮಾಸ್ಟ್ರೇ."

"ನನಗೆ ಆಗಲೇ ಸೊನ್ನೆ ಬಂದಿತ್ತು. ನಾನೇ ತಿದ್ದಿದೆ."

ಅವರು ಎಲ್ಲವನ್ನೂ ಹೇಳಿದರು. ಉಪವಾಸದ ಮಧ್ಯಾಹ್ನ, ಬಿಟ್ಟುಹೋದ ಜೋಡಿ, ಮುಟ್ಟುವ ಗೆರೆಗಳು. ತರಗತಿಯಲ್ಲಿ ಹುಡುಗರ ಹತ್ತಿರ ಹೇಳಿಸುವ ಹಾಗೆ ಒಂದನ್ನೂ ಬಿಡದೆ ತಮ್ಮಿಂದ ತಾವೇ ಹೇಳಿಸಿದರು.

ದೇವಿಪ್ರಸಾದರು ಕಿಟಕಿಯ ಕಡೆ ನೋಡುತ್ತಿದ್ದರು. "ನಾನು ಹಿಡಿಯಬೇಕಿತ್ತು. ಕಂಪ್ಯೂಟರಿಗೆ ಹಾಕಿ ಒಮ್ಮೆ ನೋಡುವ ಅಂತ ನಾನು ಹೇಳಿದ್ದೆ. ಅವಳು ಬೇಡ ಅಂದಳು. ಬಾಪ ಮಾಡಿದ್ದನ್ನು ಇನ್ನೊಂದು ಸಲ ನೋಡುವುದು ಸರಿಯಲ್ಲ ಸರ್, ಅವರಿಗೆ ಗೊತ್ತಾದರೆ ಬೇಸರ ಆಗ್ತದೆ ಅಂದಳು." ಅವರು ಯೋಚಿಸದೆಯೇ ಸೇರಿಸಿದರು: "ಆ ಸೊನ್ನೆ ಅವಳ ಕಣ್ಣಿಗೆ ಬಿದ್ದಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದಳು. ಇದಕ್ಕಿಂತ ಒಳ್ಳೆಯ ದಾರಿ. ಒಂದೂವರೆ ವರ್ಷ ಇತ್ತಲ್ಲ."

ಹೇಳಿದ ಮೇಲೆ ಅವರಿಗೆ ತಾವೇನು ಹೇಳಿದೆವೆಂದು ತಿಳಿಯಿತು. ಚಾದ ಲೋಟವನ್ನು ಮಾಸ್ಟ್ರ ಕಡೆಗೆ ಸರಿಸಿದರು. ಮಾಸ್ಟ್ರು ಅದನ್ನು ಎತ್ತಿ, ಕುಡಿಯದೆ ಕೆಳಗಿಟ್ಟರು.

ಹೊರಗೆ ಪರೀಕ್ಷೆಯ ಗಂಟೆ ಹೊಡೆಯಿತು. ದೇವಿಪ್ರಸಾದರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಒಂದು ಮಾತು. ಇದು ನಿಮಗೆ ಮತ್ತು ನನಗೆ ಮಾತ್ರ ಗೊತ್ತು. ಈ ಪುಸ್ತಕ ತೆರೆಯುವವರು ದೇಶದಲ್ಲಿ ಹತ್ತು ಜನ. ಪಟ್ಟಿ ನೋಡುವವರು ಒಬ್ಬರೂ ಇರಲಿಕ್ಕಿಲ್ಲ. ನಾವು ನಾಲ್ಕನ್ನು ಇಡುವುದು ಬೇಡ, ಸುಳ್ಳು ಬೇಡ. ಹತ್ತೊಂಬತ್ತನೆಯ ಸಾಲನ್ನೇ ತೆಗೆದುಬಿಡುವ. ಇಪ್ಪತ್ತೇಳು ಚಿತ್ರ ಇರುತ್ತದೆ. ಎಲ್ಲ ಸರಿಯಾದದ್ದೇ."

"ಪ್ರಮೇಯ?"

"ಇರಲಿ. ಯಾರಾದರೂ ಮುಂದೊಂದು ದಿನ ತಪ್ಪು ಅಂತ ತೋರಿಸಿದರೆ ತೋರಿಸಲಿ. ಹಾಗೆ ಆಗುವುದುಂಟು. ಅವಳ ಹೆಸರು ಒಂದು ಕಡೆ ಇರುತ್ತದಲ್ಲ ಮಾಸ್ಟ್ರೇ. ಅದಷ್ಟೇ ನನ್ನ ಆಸೆ."

ಅವರ ದನಿಯಲ್ಲಿ ಕಪಟವಿರಲಿಲ್ಲ. ಮಾಸ್ಟ್ರು ಪ್ರೂಫಿನ ನಾಲ್ಕನೆಯ ಪುಟ ತೆಗೆದರು. ಮೇಜಿನ ಮೇಲೆ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿತ್ತು. ಒಂದು ಸಾಲು, ಅಂಗುಲದಷ್ಟು ಅಗಲ. ಒಂದು ಗೆರೆ ಎಳೆದರೆ ಸಾಕು, ಐಸಮ್ಮನ ಕೈಗೆ ಪುಸ್ತಕ ಬರುತ್ತದೆ. ಅಝೀಮ್ ದಮ್ಮಾಮಿನ ರೂಮಿನಲ್ಲಿ ಅದನ್ನು ಕೈಯಿಂದ ಕೈಗೆ ಕೊಡುತ್ತಾನೆ. ಅವರು ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆದರು. ಸಾಲಿನ ಎಡತುದಿಗೆ ಮೊನೆ ಇಟ್ಟರು. ಅಲ್ಲೊಂದು ಕೆಂಪು ಚುಕ್ಕಿ ಮೂಡಿ ಕಾಗದದಲ್ಲಿ ಹರಡಿತು.

"ಸರ್," ಎಂದರು, "ಹೋದವರಿಗೆ ಇಲ್ಲಿಯದು ಗೊತ್ತಾಗುವುದಿಲ್ಲ ಅಂತ ಕೆಲವರು ಹೇಳ್ತಾರೆ. ನಾನು ಗೊತ್ತಾಗುತ್ತದೆ ಅಂತ ನಂಬಿದವ. ಇಲ್ಲದಿದ್ದರೆ ಖಬರಿನ ಹತ್ತಿರ ನಿಂತು ಸಲಾಂ ಯಾರಿಗೆ ಹೇಳುವುದು?"

ದೇವಿಪ್ರಸಾದರು ಆ ಕೆಂಪು ಚುಕ್ಕಿಯನ್ನು ನೋಡಿದರು.

"ಮೊದಲ ಸಲ ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ಈಗ ಮಾಡಿದರೆ ಅವಳು ನೋಡುತ್ತಿರುವಾಗಲೇ ಮಾಡಿದ ಹಾಗೆ."

ಅವರು ಪೆನ್ನನ್ನು ಕೊನೆಯ ಕಾಲಮಿಗೆ ಒಯ್ದು, ನಾಲ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಸೊನ್ನೆ ಬರೆದರು. ಪಕ್ಕದಲ್ಲಿ ತಮ್ಮ ಅಕ್ಷರದಲ್ಲಿ ಚಿಕ್ಕದಾಗಿ ಸಹಿ ಹಾಕಿದರು.

"ಈ ಒಂದು ಚಿತ್ರದ್ದೇ ಒಂದು ಪುಟ ಬರೆಯಬಹುದು," ಎಂದರು ದೇವಿಪ್ರಸಾದರು. "ಅವಳ ಹೆಸರಿನಲ್ಲೇ ಕಳಿಸುವ. ಹೀಗೂ ಆಗುತ್ತದೆ ಅಂತ ತೋರಿಸುವುದೂ ಕೆಲಸವೇ."

"ಬರೆಯಿರಿ ಸರ್. ನಿಮ್ಮ ಹೆಸರಿನಲ್ಲಿ ಬರೆಯಿರಿ. ಅವಳು ಕಾಣದ್ದನ್ನು ಅವಳ ಹೆಸರಿಗೆ ಹಾಕಿದರೆ ಅದೂ ನಾಲ್ಕು ಬರೆದ ಹಾಗೆಯೇ."

ಸೊನ್ನೆ ಇಟ್ಟ ಮೇಲೆ ಪ್ರಮೇಯ ನಿಲ್ಲುವ ಹಾಗಿರಲಿಲ್ಲ. ಪ್ರಬಂಧ ಹಿಂದಕ್ಕೆ ಪಡೆಯುವ ಪತ್ರವನ್ನು ದೇವಿಪ್ರಸಾದರು ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆದರು. ನಾಲ್ಕು ಸಾಲು. ತಮ್ಮ ಸಹಿ ಹಾಕಿ, ಮೇಲಿನ ಖಾಲಿ ಜಾಗವನ್ನು ತೋರಿಸಿ, "ಮೊದಲ ಲೇಖಕಿಯದ್ದು ಇಲ್ಲಿ ಬರಬೇಕು" ಎಂದರು. ಮಾಸ್ಟ್ರು ತಮ್ಮ ಹೆಸರು ಬರೆದು, ಕೆಳಗೆ 'ತಂದೆ' ಎಂದು ಬರೆದರು. ಒಂದನೆಯ ಕ್ಲಾಸಿನಿಂದ ಅವಳ ಅಂಕಪಟ್ಟಿಗಳಲ್ಲಿ ಹಾಗೆಯೇ ಬರೆದಿದ್ದರು.

"ಪ್ರೂಫು ಇನ್ನು ಕಳಿಸಬೇಕಾಗಿಲ್ಲ," ಎಂದು ದೇವಿಪ್ರಸಾದರು ಅದನ್ನು ಮಡಚಿ ಚೀಲದಲ್ಲಿ ಹಾಕಿ ಕೊಟ್ಟರು. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ನಡೆದರು. ಬಸ್ಸು ಬರುವವರೆಗೆ ಇಬ್ಬರೂ ಸೆಖೆಯ ವಿಷಯ ಮಾತಾಡಿದರು.

ಬಂಟ್ವಾಳದಲ್ಲಿ ಇಳಿದು ಪಳ್ಳಿಗೆ ಹೋಗಿ ಇಳಿಹೊತ್ತಿನ ಅಸರ್ ನಮಾಝು ಮಾಡಿ ಮನೆ ತಲುಪುವಾಗ ಜಗಲಿಯಲ್ಲಿ ಹುಣಸೆ ಇರಲಿಲ್ಲ, ಗುಡಿಸಿ ಆಗಿತ್ತು. ಐಸಮ್ಮ ಗಂಜಿ ಬಡಿಸಿದಳು. ಅವರು ಉಂಡು ಕೈ ತೊಳೆದು ಬರುವವರೆಗೂ ಏನನ್ನೂ ಕೇಳಲಿಲ್ಲ. ನಲವತ್ತು ವರ್ಷದ ಸಂಸಾರ. ಹಸಿದವನನ್ನು ಮೊದಲು ಕೇಳಬಾರದೆಂದು ಅವಳಿಗೆ ಗೊತ್ತಿತ್ತು.

"ಯಾವಾಗ ಅಂತೆ?"

"ಬರುವುದಿಲ್ಲ ಐಸಮ್ಮ. ಪುಸ್ತಕ ಬರುತ್ತದೆ, ಅವಳದ್ದು ಅದರಲ್ಲಿ ಇರುವುದಿಲ್ಲ. ಲೆಕ್ಕದಲ್ಲಿ ತಪ್ಪುಂಟು."

ಅವಳು ಬಟ್ಟಲನ್ನು ಕೈಯಲ್ಲೇ ಹಿಡಿದು ನಿಂತಳು.

"ತಪ್ಪು ಅವಳದ್ದಾ?"

"ಅಲ್ಲ. ನಾನು ಮಾಡಿದ್ದು. ಗೊತ್ತಿದ್ದೂ ಮಾಡಿದ್ದು."

ಹಿತ್ತಿಲಿನಲ್ಲಿ ಯಾರೋ ಬಾವಿಗೆ ಕೊಡ ಇಳಿಸುವ ಶಬ್ದ ಕೇಳಿತು. ಐಸಮ್ಮ ಅದು ನಿಲ್ಲುವವರೆಗೆ ಕಾದಳು.

"ಅವಳದ್ದಲ್ಲದಿದ್ದರೆ ಅಡ್ಡಿಯಿಲ್ಲ," ಎಂದಳು. "ನೀವು ಇದ್ದೀರಲ್ಲ, ಹೊತ್ತುಕೊಳ್ಳಲಿಕ್ಕೆ." ಬಟ್ಟಲನ್ನು ಒಳಗಿಟ್ಟು ಬಂದಳು. "ಅಝೀಮನಿಗೆ ನೀವೇ ಹೇಳಿ. ನನ್ನಿಂದ ಆಗುವುದಿಲ್ಲ."

"ಹೇಳ್ತೇನೆ."

ಅವರು ಚೀಲದಿಂದ ಪ್ರೂಫು ತೆಗೆದು ಎಲ್ಲಿಡುವುದೆಂದು ತಿಳಿಯದೆ ಕೂತಿದ್ದರು. ಅವಳು ಎದುರು ಬಂದು ನೆಲದ ಮೇಲೆ ಕೂತಳು.

"ಹೆಸರು ಇದರಲ್ಲೂ ಉಂಟು ಅಂದಿದ್ದಿರಲ್ಲ. ಎಲ್ಲಿ ತೋರಿಸಿ."

ಮಾಸ್ಟ್ರು ಮೊದಲ ಪುಟ ತೆರೆದು ಅವಳ ಕಡೆ ತಿರುಗಿಸಿ ಹಿಡಿದರು. ತಲೆಯಲ್ಲಿ ದಪ್ಪ ಅಕ್ಷರದಲ್ಲಿದ್ದ ಒಂದು ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು. ಐಸಮ್ಮನಿಗೆ ಇಂಗ್ಲಿಷ್ ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಓದಿದ್ದೆಲ್ಲ ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತ ಅರಬಿ, ಬಲದಿಂದ ಎಡಕ್ಕೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತನ್ನ ತೋರುಬೆರಳನ್ನು ಹೆಸರಿನ ಬಲತುದಿಯಲ್ಲಿ ಇಟ್ಟಳು. ಅಲ್ಲಿಂದ ಎಡಕ್ಕೆ, ಅಕ್ಷರ ಅಕ್ಷರಕ್ಕೂ ನಿಂತು, ತುಟಿ ಅಲುಗಿಸುತ್ತ ಮೆಲ್ಲಗೆ ಸರಿಸಿದಳು.

ಮಾಸ್ಟ್ರು ತಿದ್ದಲಿಲ್ಲ. ಹಾಳೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.